ಉಳಿದ ಗುಳಿಗೆಗಳ ಲೆಕ್ಕ

ಮೂರು ತಿಂಗಳಿಗೊಮ್ಮೆ ಡಬ್ಬಿಗಳು ಹಿಂದಿರುಗುತ್ತವೆ.
ನನ್ನ ಕೆಲಸ ಎಣಿಸುವುದು.
ಬಿಳಿ ಕಾಗದದ ಮೇಲೆ ಸುರಿದು, ಚಮಚದ ಬೆನ್ನಿಂದ
ಐದೈದಾಗಿ ಸರಿಸುವುದು:
ಎಷ್ಟು ನುಂಗಿದರು, ಎಷ್ಟು ಮರೆತರು,
ಮರೆತೂ ಎಷ್ಟನ್ನು ನುಂಗಿದೆವೆಂದರು.

ನವೆಂಬರ್. ಹತ್ತು ಗಂಟೆಯಾದರೂ ಕಿಟಕಿ ಕಪ್ಪು.
ದೋಣಿಕಟ್ಟೆಯ ದೀಪದೆದುರು ಹಿಮ ಅಡ್ಡಡ್ಡ ಹಾರುತ್ತಿದೆ.
ಎದೆ ಒಮ್ಮೆ ಕೈಕೊಟ್ಟವರು ಇವರೆಲ್ಲ:
ಕಾಡ್ ಮೀನಿನವರು, ಬಲೆ ಹೆಣೆಯುವವರು,
ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದವನೊಬ್ಬ.

ರಕ್ತದಲ್ಲಿ ಹೋಮೋಸಿಸ್ಟೀನ್ ಎಂಬುದೊಂದಿದೆ.
ಅದು ಏರಿದವರ ಎದೆ ಬೇಗ ಸೋಲುತ್ತದೆ.
ಬಿ ಗುಂಪಿನ ಜೀವಸತ್ವ ಕೊಟ್ಟರೆ ಅದು ಇಳಿಯುತ್ತದೆ.
ಇಳಿದರೆ ಎದೆ ಉಳಿಯುತ್ತದೆಯೇ?
ಆ ಕೊನೆಯ ಪ್ರಶ್ನೆಯಿಂದಲೇ ನನ್ನ ಸಂಬಳ.

ಅರ್ಧ ಜನಕ್ಕೆ ಜೀವಸತ್ವ, ಅರ್ಧ ಜನಕ್ಕೆ ಹುಸಿಗುಳಿಗೆ.
ಅದೇ ಬಣ್ಣ, ಅದೇ ಗಾತ್ರ, ಗಂಟಲಲ್ಲಿ ಅದೇ ಜಾರು.
ಯಾರಿಗೆ ಯಾವುದು, ನನಗೂ ಗೊತ್ತಿಲ್ಲ, ಡಾಕ್ಟರಿಗೂ ಇಲ್ಲ.
ದಕ್ಷಿಣದ ಯಾವುದೋ ಊರಿನ ಕಪಾಟಿನಲ್ಲಿ
ಮೊಹರಾದ ಲಕೋಟೆಗೆ ಮಾತ್ರ ಗೊತ್ತು.

ಟೋರ್ಫಿನ್, ಆಸ್ಲೌಗ್. ಲಾಂಗೊಯ ದ್ವೀಪದ ಆಚೆ ಬದಿಯವರು.
ಅವನಿಗೆ ವಸಂತದಲ್ಲಿ ಬಂದದ್ದು
ಅವಳಿಗೆ ಕ್ರಿಸ್‌ಮಸ್ಸಿನ ಹೊತ್ತಿಗೆ ಬಂತು.
ಕ್ರಮಸಂಖ್ಯೆ ಮುನ್ನೂರ ಹದಿನೇಳು, ಮುನ್ನೂರ ಹದಿನೆಂಟು.
ಮೇಜಿನ ಮೇಲೆ ಅವರಿಟ್ಟದ್ದು ಒಂದೇ ಸೀಸೆ.
ಮುಲ್ತೆ ಹಣ್ಣಿನ ಜಾಮಿನದು, ತೊಳೆದದ್ದು,
ತಳದಲ್ಲಿ ಎರಡು ಗುಳಿಗೆ.

‘ಡಬ್ಬಿಗಳೆಲ್ಲಿ?’
‘ಮೊದಲ ದಿನವೇ ಸುರಿದು ಬೆರೆಸಿಬಿಟ್ಟೆ,’ ಎಂದಳು,
ಮೀನಿಗೆ ಉಪ್ಪು ಹಚ್ಚಿದೆ ಎಂಬಷ್ಟು ಸಲೀಸಾಗಿ.
‘ಇಬ್ಬರಿಗೂ ನಿಜದ್ದಾದರೆ ನಷ್ಟವಿಲ್ಲ.
ಇಬ್ಬರಿಗೂ ಸುಣ್ಣವಾದರೆ ಜಗಳವಿಲ್ಲ.
ಒಬ್ಬರಿಗೆ ಮಾತ್ರ ಆದರೆ...’
ಅಷ್ಟಕ್ಕೇ ನಿಲ್ಲಿಸಿ ಕೈಗವಸು ಕಳಚತೊಡಗಿದಳು.

ಟೋರ್ಫಿನ್ ಟೊಪ್ಪಿಗೆಯ ಒಳಗನ್ನು ನೋಡುತ್ತ ಕೂತಿದ್ದ.
‘ನಾನು ಬೇಡವೆಂದೆ. ಸರ್ಕಾರದ ಕೆಲಸ ಎಂದೆ.
ಆದರೆ ಕಣ್ಣು ಮುಚ್ಚಿ ಸೀಸೆಗೆ ಕೈ ಹಾಕುವುದು...
ಬೆಳಗ್ಗೆ ಬೆಳಗ್ಗೆ ಅದೊಂದು ಮೋಜು.’

ಅರ್ಜಿ ತೆಗೆದೆ. ನಿಯಮಭಂಗ. ಕಾರಣದ ಚೌಕ
ಎರಡು ಬೆರಳಗಲ. ‘ಬೆರಕೆ’ ಎಂದು ಬರೆದೆ.
ಅವರ ಮೂರು ತಿಂಗಳು ಲೆಕ್ಕದಿಂದ ಹೊರಬಿದ್ದವು.
ರಕ್ತ ಮಾತ್ರ ತೆಗೆದುಕೊಂಡೆ, ಪದ್ಧತಿಯಂತೆ, ಎಡಗೈಯಿಂದ.

ನಾಲ್ಕು ವರ್ಷಕ್ಕೆ ಲಕೋಟೆ ಒಡೆದರು.
ಸಭಾಂಗಣ, ಒಣ ಕೇಕು, ಗೋಡೆಯ ಮೇಲೆ ನಕ್ಷೆ.
ಹೋಮೋಸಿಸ್ಟೀನ್ ಇಳಿದಿತ್ತು, ಹೇಳಿದ ಮಾತು ಕೇಳುವ ಮಗುವಿನಂತೆ.
ಎದೆ ಮಾತ್ರ ಕೇಳಿರಲಿಲ್ಲ.
ತಿಂದವರು, ತಿನ್ನದವರು ಒಂದೇ ಲೆಕ್ಕದಲ್ಲಿ ಬಿದ್ದಿದ್ದರು.
ಎರಡು ಗೆರೆ, ಒಂದರ ಪಕ್ಕ ಒಂದು,
ಕೈ ಹಿಡಿಯದೆ ಇಳಿಜಾರಿನಲ್ಲಿ ನಡೆವ
ಮುದುಕ ಮುದುಕಿಯ ಹಾಗೆ.
ಡಾಕ್ಟರು ಕೋಲಿನಿಂದ ಗೆರೆ ತೋರಿಸಿ
ಬಹಳ ಹೊತ್ತು ಕೋಲನ್ನು ಕೆಳಗಿಳಿಸಲಿಲ್ಲ.

ಅಂದು ಸಂಜೆ ಔಷಧದಂಗಡಿ ದಾಟಿ ಬಂದೆ.
ಕಿಟಕಿಯಲ್ಲಿ ಅದೇ ಜೀವಸತ್ವ, ಎರಡು ಕೊಂಡರೆ ಮೂರು.
ಒಳಗೆ ಸಾಲು ಇತ್ತು.

ಮರುದಿನ ಅಳಿಸಿದ ಸಂಖ್ಯೆಗಳನ್ನು ಹುಡುಕಿದೆ.
ಒಬ್ಬರಿಗೆ ನಿಜದ್ದು ಹೋಗಿತ್ತು, ಒಬ್ಬರಿಗೆ ಹುಸಿ.
ಯಾರಿಗೆಂದು ಇಲ್ಲಿ ಬರೆಯಲಾರೆ.
ಆ ಎಡಗೈಗಳ ರಕ್ತದ ಚೀಟಿ ತೆರೆದೆ:
ಇಬ್ಬರದೂ ಇಳಿದಿತ್ತು, ಅರ್ಧದಷ್ಟು,
ಹೆಚ್ಚುಕಡಿಮೆ ಒಂದೇ ಸಮ.
ಯಾವ ಕೋಷ್ಟಕದಲ್ಲೂ ಅದಕ್ಕೆ ಜಾಗವಿಲ್ಲ.

ಫೋನು ಮಾಡಿದೆ. ಆಸ್ಲೌಗ್ ಎತ್ತಿದಳು.
ಹಿನ್ನೆಲೆಯಲ್ಲಿ ಅವನ ಕೆಮ್ಮು, ಬಾಣಲೆಯ ಸದ್ದು.
‘ಈಗ ಹೇಳಬಹುದು, ತಿಳಿಯಬೇಕೆ?’ ಎಂದೆ.
‘ಯಾತಕ್ಕೆ?’ ಎಂದಳು. ‘ಮೀನು ಸೀಯುತ್ತಿದೆ.’

ಆ ಸೀಸೆ ನನ್ನ ಅಡುಗೆಮನೆಯ ಕಿಟಕಿಯಲ್ಲಿದೆ.
ಉಳಿದದ್ದನ್ನು ಸುಡಲು ಕಳಿಸಬೇಕು, ಅದು ನಿಯಮ.
ಸೀಸೆಯಲ್ಲಿ ಎರಡು ಗುಳಿಗೆ,
ಕಾಗದದಲ್ಲಿ ಸೊನ್ನೆ.
ಇಷ್ಟು ವರ್ಷದಲ್ಲಿ ನಾನು ತಪ್ಪಿ ಎಣಿಸಿದ್ದು
ಅದೊಂದೇ ಸಲ.